ಹ್ಯಾಗಿಸ್ ಸ್ಕಾಟ್ಲೆಂಡಿನದೋ, ಇಂಗ್ಲೆಂಡಿನದೋ?

ಪ್ರಶ್ನೆ, ಎಡಿನ್‌ಬರೋದಿಂದ:

ಎಲ್ಲರಿಗೂ ನಮಸ್ಕಾರ. ಜನವರಿ 25ರಂದು ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನದ ಊಟ ನಮ್ಮ ಕಚೇರಿಯಲ್ಲೂ ನಡೆಯಿತು. ಹ್ಯಾಗಿಸ್ ತಟ್ಟೆಗೆ ಬಂದದ್ದೇ ತಡ, ಯಾರ್ಕ್‌ಷೈರ್‌ನ ಸಹೋದ್ಯೋಗಿಯೊಬ್ಬರು "ಇದನ್ನು ಮೊದಲು ಬರೆದಿಟ್ಟವರು ಇಂಗ್ಲಿಷರು" ಎಂದರು. ಮೇಜಿನ ಸುತ್ತ ಮಾತಿಗೆ ಮಾತು ಬೆಳೆಯಿತು. ಕುರಿಯ ಗುಂಡಿಗೆ, ಲಿವರ್, ಶ್ವಾಸಕೋಶಗಳನ್ನು ಓಟ್ಸ್ ನುಚ್ಚಿನೊಡನೆ ಹೊಟ್ಟೆಚೀಲದಲ್ಲಿ ತುಂಬಿ ಬೇಯಿಸುವ ಈ ಅಡುಗೆಯ ಮೂಲ ಎಲ್ಲಿ? ಬಲ್ಲವರು ತಿಳಿಸಿ.

ಉತ್ತರ, ಸ್ಕಾಟ್ಲೆಂಡಿನ ಇನ್ವರ್ನೆಸ್‌ನ ಹೋಟೆಲೊಂದರ ಅಡುಗೆಯವರು:

ಬರವಣಿಗೆಯ ಮಟ್ಟಿಗೆ ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ಸುಮಾರು 1430ರಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರ್ ಕಡೆ ಪದ್ಯರೂಪದಲ್ಲಿ ರಚನೆಯಾದ ಪಾಕಗ್ರಂಥವೊಂದರಲ್ಲಿ ಹ್ಯಾಗಿಸ್ ಇದೆ. ಆದರೆ ಅದರ ಸಾಮಗ್ರಿ ನೋಡಿ: ಕುರಿಯ ಗುಂಡಿಗೆ, ಮೂತ್ರಪಿಂಡ, ಕೊಬ್ಬು, ಪಾರ್ಸ್ಲಿ ಸೊಪ್ಪು, ಕಾಳುಮೆಣಸು, ಮೊಟ್ಟೆ. ಓಟ್ಸ್‌ನ ಸುಳಿವೇ ಇಲ್ಲ! ಇಂದು ನೀವು ತಿಂದ ಹ್ಯಾಗಿಸ್‌ಗೆ ಓಟ್ಸೇ ಜೀವಾಳ. ಸ್ಕಾಟರ ಕಡೆಯಿಂದ, ಕವಿ ವಿಲಿಯಂ ಡನ್ಬಾರ್ 1520ಕ್ಕೆ ಮೊದಲೇ ತನ್ನ ಬೈಗುಳದ ಕಾವ್ಯದಲ್ಲಿ ಇದರ ಹೆಸರು ಎತ್ತಿದ್ದಾನೆ. ಕೇಳುಗರಿಗೆ ಗೊತ್ತಿಲ್ಲದ ತಿನಿಸನ್ನು ಬೈಗುಳಕ್ಕೆ ಯಾರೂ ತರುವುದಿಲ್ಲ.

ನನ್ನ ಮಟ್ಟಿಗೆ ಮೂಲವನ್ನು ಹುಡುಕಬೇಕಾದದ್ದು ಕುರಿ ಕಡಿಯುವ ಜಾಗದಲ್ಲಿ. ಒಳಾಂಗ ಬೇಗ ಕೆಡುತ್ತದೆ; ಅದನ್ನು ಅಂದೇ ಬೇಯಿಸಬೇಕು. ನಮ್ಮ ಊರುಗಳಲ್ಲೂ ಹಬ್ಬದ ದಿನ ಬೋಟಿ, ಲಿವರ್ ಮೊದಲು ಒಲೆ ಏರುವುದಿಲ್ಲವೇ? ಹೊಟ್ಟೆಚೀಲವೇ ಪಾತ್ರೆಯಾದರೆ ಬೇರೆ ಪಾತ್ರೆಯ ಹಂಗೂ ಇಲ್ಲ.

ಹಳೆಯ ಕ್ರಮವನ್ನು ಹೇಳುತ್ತೇನೆ. ಚೀಲವನ್ನು ಕೆರೆದು, ರಾತ್ರಿಯಿಡೀ ಉಪ್ಪುನೀರಿನಲ್ಲಿ ನೆನೆಸಬೇಕು. ಗುಂಡಿಗೆ, ಲಿವರ್, ಶ್ವಾಸಕೋಶಗಳನ್ನು ಒಂದಕ್ಕೊಂದು ಅಂಟಿಕೊಂಡಿರುವಂತೆಯೇ ಕುದಿಸುವಾಗ ಶ್ವಾಸನಾಳವನ್ನು ಪಾತ್ರೆಯ ಅಂಚಿನಾಚೆ ಇಳಿಬಿಡುತ್ತಾರೆ. ಒಳಗಿನ ನೊರೆ ಆ ನಾಳದಿಂದಲೇ ಕೆಳಗಿಟ್ಟ ಬಟ್ಟಲಿಗೆ ಸುರಿಯುತ್ತದೆ. ಆಮೇಲೆ ಎಲ್ಲವನ್ನೂ ಕೊಚ್ಚಿ, ಹುರಿದ ಓಟ್ಸ್ ನುಚ್ಚು, ಈರುಳ್ಳಿ, ಕೊಬ್ಬು, ಮೆಣಸು, ಒಳಾಂಗ ಬೇಯಿಸಿದ ನೀರು ಸೇರಿಸಿ, ಚೀಲದ ಅರ್ಧಕ್ಕಿಂತ ತುಸು ಹೆಚ್ಚು ತುಂಬಬೇಕು. ನುಚ್ಚು ಉಬ್ಬುತ್ತದೆ, ಜಾಗ ಬಿಡದಿದ್ದರೆ ಚೀಲ ಒಡೆಯುತ್ತದೆ. ಸೂಜಿಯಿಂದ ಅಲ್ಲಲ್ಲಿ ಚುಚ್ಚಿ, ಸುಮಾರು ಮೂರು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ಇದರಲ್ಲಿ ಕುರಿಯ ಯಾವ ಭಾಗವೂ ವ್ಯರ್ಥವಾಗುವುದಿಲ್ಲ. ಆ ಅಚ್ಚುಕಟ್ಟುತನ ನನಗೆ ಬಹಳ ಇಷ್ಟ.

ಉತ್ತರ, ಮೈಸೂರಿನ ಇತಿಹಾಸ ಅಧ್ಯಾಪಕರು:

ಓಟ್ಸ್ ವಾದವನ್ನು ಪೂರ್ತಿ ಒಪ್ಪಲಾರೆ, ಮೇಡಂ. 1615ರಲ್ಲಿ ಇಂಗ್ಲೆಂಡಿನ ಜರ್ವೇಸ್ ಮಾರ್ಕಮ್ ಗೃಹಿಣಿಯರಿಗಾಗಿ ಬರೆದ ಪುಸ್ತಕದಲ್ಲಿ ಓಟ್ಸ್ ಹಿಟ್ಟು, ರಕ್ತ, ಕುರಿ ಅಥವಾ ಕರು ಅಥವಾ ಹಂದಿಯ ಲಿವರ್ ಸೇರಿಸಿ ಹ್ಯಾಗಿಸ್ ಮಾಡುವುದನ್ನು ಹೇಳಿದ್ದಾನೆ. ಅದನ್ನು ಇಷ್ಟಪಡದವರೇ ವಿರಳ ಎಂದೂ ಸೇರಿಸಿದ್ದಾನೆ. ಇನ್ನೂ ಹಿಂದಕ್ಕೆ ಹೋದರೆ ಪ್ರಾಚೀನ ಗ್ರೀಕ್ ಕವಿ ಹೋಮರನ 'ಒಡಿಸ್ಸಿ' ಕಾವ್ಯದಲ್ಲೇ ಕೊಬ್ಬು, ರಕ್ತ ತುಂಬಿದ ಮೇಕೆಯ ಹೊಟ್ಟೆಗಳು ಬೆಂಕಿಯ ಬಳಿ ಬೇಯುತ್ತಿರುತ್ತವೆ.

ಉತ್ತರ, ಇನ್ವರ್ನೆಸ್‌ನಿಂದ ಮತ್ತೆ:

ಸರ್, ಮಾರ್ಕಮ್‌ನ ವಿಷಯ ಒಪ್ಪಿದೆ. ಹಾಗಾದರೆ ಅಷ್ಟು ಮೆಚ್ಚಿದ ಇಂಗ್ಲಿಷರು ಅದನ್ನು ಬಿಟ್ಟರೇಕೆ? 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಓಟ್ಸ್ ಬಗ್ಗೆ, ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಕುದುರೆಗೆ ಹಾಕುವ, ಸ್ಕಾಟ್ಲೆಂಡಿನಲ್ಲಿ ಜನರನ್ನು ಸಾಕುವ ಧಾನ್ಯ ಎಂದ. ಅರ್ಧ ಉತ್ತರ ಅಲ್ಲಿದೆ. ತಂಪಾದ, ತೇವದ ಈ ನೆಲದಲ್ಲಿ ಗೋಧಿಗಿಂತ ಓಟ್ಸ್ ಚೆನ್ನಾಗಿ ಬರುತ್ತದೆ, ಗುಡ್ಡಗಳಲ್ಲಿ ಕುರಿ ಮೇಯುತ್ತದೆ. ಉಳಿದರ್ಧ ಬರ್ನ್ಸ್‌ನದು. 1786ರಲ್ಲಿ ಅವನು ಹ್ಯಾಗಿಸ್ ಮೇಲೆ ಪದ್ಯ ಬರೆದ. ಅವನು ತೀರಿಕೊಂಡ ಐದು ವರ್ಷಕ್ಕೆ, 1801ರಲ್ಲಿ, ಅವನ ಹುಟ್ಟೂರಾದ ಆಲೋವೇಯಲ್ಲಿ ಗೆಳೆಯರು ಸೇರಿ ಹ್ಯಾಗಿಸ್ ಮತ್ತು ಕುರಿತಲೆಯ ಊಟ ಮಾಡಿದರು. ಆ ಊಟ ಇಂದಿಗೂ ನಿಂತಿಲ್ಲ. ಹುಟ್ಟಿಸಿದವರು ಯಾರೇ ಇರಲಿ, ಸಾಕಿ ಬೆಳೆಸಿದವರು ಸ್ಕಾಟರು. ನನ್ನ ತೀರ್ಪು ಅವರ ಪರ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದ. ಅಮೆರಿಕದಲ್ಲಿರುವ ಅಕ್ಕನಿಗೂ ಮಾಡುವ ಆಸೆ ಹುಟ್ಟಿದೆ. ಅಲ್ಲಿ ಶ್ವಾಸಕೋಶ ಸಿಗುವುದೇ?

ಉತ್ತರ, ಇನ್ವರ್ನೆಸ್‌ನಿಂದ:

ಸಿಗುವುದಿಲ್ಲ. ಪ್ರಾಣಿಗಳ ಶ್ವಾಸಕೋಶವನ್ನು ಆಹಾರವಾಗಿ ಬಳಸುವುದನ್ನು ಅಲ್ಲಿ 1971ರಲ್ಲೇ ನಿಷೇಧಿಸಿದ್ದಾರೆ. ಗುಂಡಿಗೆ, ಲಿವರ್ ಇಟ್ಟುಕೊಂಡು ಮಾಡಲಿ. ಶ್ವಾಸಕೋಶವಿಲ್ಲದೆ ಹೂರಣ ಬಿಗಿಯಾಗುತ್ತದೆ, ಹಾಗಾಗಿ ಬೇಯಿಸಿದ ನೀರನ್ನು ತುಸು ಧಾರಾಳವಾಗಿ ಹಾಕಲು ಹೇಳಿ.