ಗಿಣ್ಣು ಊದಿದೆ, ಹೆಬ್ಬೆರಳ ಹಿಂದೆ ಜೋಮು: ಚೀಲ ಹೊಡೆಯೋದು ಮುಂದುವರಿಸಬಹುದಾ?

ಬೆಣ್ಣೆನಗರಿ_ಮುಷ್ಟಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ವಯಸ್ಸು 19, ಕರಾಟೆ ಎರಡನೇ ವರ್ಷ. ಮುಷ್ಟಿ ಗಟ್ಟಿ ಮಾಡೋಕೆ ಮೂರು ವಾರದಿಂದ ಮನೇಲಿ ಚೀಲ ಹೊಡೀತಿದ್ದೀನಿ. ಗೊಬ್ಬರದ ಚೀಲ ಕತ್ತರಿಸಿ ಹೊಲಿದದ್ದು, ಒಳಗೆ 8 ಕೆ.ಜಿ. ಎಂ-ಸ್ಯಾಂಡ್, ಸಿಮೆಂಟ್ ಕಟ್ಟೆ ಮೇಲೆ ಇಟ್ಟಿದ್ದೀನಿ. ದಿನಾ ಒಂದೊಂದು ಕೈಗೆ 100 ಏಟು. ಈಗ ಬಲಗೈ ಕಿರುಬೆರಳು, ಉಂಗುರ ಬೆರಳಿನ ಗಿಣ್ಣು ಊದಿದೆ. ಬೆಳಿಗ್ಗೆ ಎದ್ದಾಗ ಮುಷ್ಟಿ ಪೂರ್ತಿ ಮುಚ್ಚೋಕಾಗಲ್ಲ. ಜೊತೆಗಾರನ ಜೊತೆ ಮುಂಗೈಗೆ ಮುಂಗೈ ಬಡಿಯೋ ಅಭ್ಯಾಸವೂ ಇದೆ. ಅದಾದ ಮೇಲೆ ಹೆಬ್ಬೆರಳ ಬೆನ್ನಿನ ಕಡೆ ಅರ್ಧ ಗಂಟೆ ಜೋಮು ಹಿಡಿಯುತ್ತೆ. ಮರಳು ತೆಗೆದು ಮೆಕ್ಕೆಜೋಳ ತುಂಬಿದ್ರೆ ಸರಿಹೋಗುತ್ತಾ? ನೋವಿನ ಮಾತ್ರೆ ನುಂಗಿ ಮುಂದುವರಿಸಬಹುದಾ?

ಕೋಟೆ_ಗರಡಿ (ಚಿತ್ರದುರ್ಗ)

ಕೊನೆ ಪ್ರಶ್ನೆಗೆ ಮೊದಲು ಉತ್ತರ: ಬೇಡವೇ ಬೇಡ. ಎಲ್ಲಿ ನಿಲ್ಲಿಸಬೇಕು ಅಂತ ಹೇಳೋದು ನೋವು ಒಂದೇ. ಮಾತ್ರೆ ನುಂಗಿದರೆ ಪೆಟ್ಟು ಬೀಳುತ್ತಲೇ ಇರುತ್ತೆ, ನಿಮಗೆ ಗೊತ್ತಾಗಲ್ಲ.

ಇವತ್ತಿಂದ ಹೊಡೆತ ಬಂದ್. ಈಗ ಕೈ ಪರೀಕ್ಷೆ ಮಾಡ್ಕೊಳ್ಳಿ. ಅಂಗೈ ಮೇಲೆ ಮಾಡಿ ನಾಲ್ಕೂ ಬೆರಳು ಅರ್ಧ ಮಡಚಿ. ಉಗುರುಗಳು ಹೆಚ್ಚುಕಮ್ಮಿ ಒಂದೇ ಸಾಲಿನಲ್ಲಿ, ಹೆಬ್ಬೆರಳಿನ ಬುಡದ ಕಡೆ ಮುಖ ಮಾಡಿರಬೇಕು. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದ್ದರೆ ಅಥವಾ ಆ ಗಿಣ್ಣು ಒಳಗೆ ಕುಸಿದಂತೆ ಕಂಡರೆ ಅಂಗೈ ಮೂಳೆಯ ಕತ್ತು ಮುರಿದಿರುವ ಸಾಧ್ಯತೆ ಇದೆ. ಮುಷ್ಟಿ ತಪ್ಪಾಗಿ ಬಿದ್ದಾಗ ಹೆಚ್ಚಾಗಿ ಮುರಿಯೋದು ಕಿರುಬೆರಳಿನ ಕಡೆಯ ಆ ಮೂಳೆಯೇ. ಆಮೇಲೆ ಬೆರಳು ನೆಟ್ಟಗೆ ಚಾಚಿ ತುದಿಯಿಂದ ಗಿಣ್ಣಿನ ಕಡೆಗೆ ಮೆಲ್ಲಗೆ ಒತ್ತಿ. ಒಂದೇ ಬಿಂದುವಿನಲ್ಲಿ ಚುಚ್ಚಿದಂತಾದರೆ ಎಕ್ಸ್-ರೇ ಬೇಕು. ನಿಧಾನಕ್ಕೆ ಮುಷ್ಟಿ ಕಟ್ಟುವಾಗ ಗಿಣ್ಣಿನ ಮೇಲಿನ ನರದಂಥ ಎಳೆ ಪಕ್ಕಕ್ಕೆ ಟಕ್ಕಂತ ಜಾರುತ್ತಾ ಅಂತಲೂ ನೋಡಿ. ಅದು ಸ್ನಾಯುರಜ್ಜು. ಜಾರಿದರೆ ಅದನ್ನು ಹಿಡಿದಿಟ್ಟ ಪಟ್ಟಿ ಹರಿದಿದೆ, ಚೀಲ ಬದಲಿಸಿದರೆ ಅದು ಕೂಡಲ್ಲ.

ಎಕ್ಸ್-ರೇಗೆ ಮೊದಲು ಯಾರ ಹತ್ತಿರವೂ ಎಳೆಸಿ, ತಿಕ್ಕಿಸಿ, ಕಟ್ಟು ಹಾಕಿಸಬೇಡಿ. ಹೊಸ ಊತಕ್ಕೆ ಮೊದಲ ಎರಡು ಮೂರು ದಿನ ಬಿಸಿ ಶಾಖವೂ ಬೇಡ. ಬಟ್ಟೆ ಸುತ್ತಿದ ಐಸ್ 10–15 ನಿಮಿಷ, ದಿನಕ್ಕೆ ಮೂರು ಸಲ, ಅಷ್ಟು ಸಾಕು.

ಇನ್ನೊಂದು ಮಾತು. ಹೆಬ್ಬೆರಳು ಮೇಲೆತ್ತಿದಾಗ ಮಣಿಕಟ್ಟಿನ ಹತ್ತಿರ ಒಂದು ಗುಳಿ ಬೀಳುತ್ತಲ್ಲ, ಅಲ್ಲಿ ಒತ್ತಿದರೆ ನೋವಿದೆಯಾ? ಇದ್ದರೆ ಡಾಕ್ಟರಿಗೆ ಬಿಡಿಸಿ ಹೇಳಿ. ಅಲ್ಲಿರುವ ಪುಟ್ಟ ಮೂಳೆಯ ಬಿರುಕು ಮೊದಲ ಎಕ್ಸ್-ರೇಯಲ್ಲಿ ಕಾಣದೇ ಇರಬಹುದು. 10–14 ದಿನ ಬಿಟ್ಟು ಮತ್ತೊಮ್ಮೆ ತೆಗೆಸಬೇಕಾಗುತ್ತೆ.

ಹತ್ತಿಗಿರಣಿ (ದಾವಣಗೆರೆ)

ಚೀಲದ ವಿಷಯ ನಾನು ಹೇಳ್ತೀನಿ. ಎಂ-ಸ್ಯಾಂಡ್ ಕಲ್ಲು ಪುಡಿ ಮಾಡಿ ತೆಗೆದದ್ದು, ಕಣಕ್ಕೆಲ್ಲ ಮೂಲೆ ಇರುತ್ತೆ. ಹೊಡೆದಂತೆಲ್ಲ ಒಂದಕ್ಕೊಂದು ಕಚ್ಚಿಕೊಂಡು ಚೀಲ ಇಟ್ಟಿಗೆ ಆಗುತ್ತೆ. ಕೆಳಗೆ ಸಿಮೆಂಟ್ ಕಟ್ಟೆ ಬೇರೆ. ಏಟಿನ ಭಾರ ಹೋಗೋಕೆ ಜಾಗವೇ ಇಲ್ಲ, ವಾಪಸ್ ಗಿಣ್ಣಿಗೇ ಬರುತ್ತೆ. ಮೆಕ್ಕೆಜೋಳ ನಮ್ಮೂರಲ್ಲಿ ಬೇಕಾದಷ್ಟು ಸಿಗುತ್ತೆ, ಆದರೆ ಕಾಳು ದಪ್ಪ, ಬುಡ ಚೂಪು. ಶುರುವಿಗೆ ಅದು ಬೇಡ. ಅಂಗೈ ಗಟ್ಟಿ ಮಾಡೋ ಚೀನಾದ ಕಬ್ಬಿಣದಂಗೈ (ಐರನ್ ಪಾಮ್) ಅಭ್ಯಾಸದಲ್ಲೂ ಮೊದಲು ತುಂಬೋದು ಹೆಸರುಕಾಳನ್ನೇ. ಸಣ್ಣಗೆ, ದುಂಡಗೆ ಇರೋದರಿಂದ ಏಟು ಬಿದ್ದ ಕಡೆಯಿಂದ ಸರಿದು ಜಾಗ ಕೊಡುತ್ತೆ. ಜಲ್ಲಿ, ಕಬ್ಬಿಣದ ಗುಂಡು ಎಲ್ಲ ವರ್ಷಗಳ ನಂತರದ ಮಾತು. ಅಲ್ಲಿಗೆ ಹೋಗಲೇಬೇಕು ಅಂತೇನೂ ಇಲ್ಲ.

ಮಾಡೋದು ಹೀಗೆ. ದಪ್ಪ ಕ್ಯಾನ್ವಾಸ್ ಬಟ್ಟೆ, ಎರಡು ಪದರ, 12 ಇಂಚಿನ ಚೌಕ, ಅಂಚಿಗೆ ಎರಡು ಸಾಲು ಹೊಲಿಗೆ. ಹೊಲಿಗೆಯ ದಿಂಡು ಒಳಗಿರಲಿ, ಹೊರಗಿದ್ದರೆ ಚರ್ಮ ಸೀಳುತ್ತೆ. 3 ಕೆ.ಜಿ. ಆಸುಪಾಸು ಹೆಸರುಕಾಳು, ಮುಕ್ಕಾಲು ಭಾಗ ಮಾತ್ರ. ಕೈ ಇಟ್ಟು ಒತ್ತಿದರೆ ಕಾಳು ಅತ್ತಿತ್ತ ಹರಿಯಬೇಕು. ಮೇಲೆ ದಿಂಬಿನ ಕವರಿನ ಹಾಗೆ ಬಿಚ್ಚಿ ಒಗೆಯೋ ಹತ್ತಿ ಬಟ್ಟೆಯ ಗವಸು. ಅಲುಗಾಡದ ಮರದ ಮೇಜು, ಸೊಂಟದ ಎತ್ತರ, ಚೀಲದ ಕೆಳಗೆ ನಾಲ್ಕು ಮಡಿಕೆ ಗೋಣಿಚೀಲ. ಒಬ್ಬರ ಚೀಲ ಇನ್ನೊಬ್ಬರು ಹೊಡೆಯಬೇಡಿ. ಗಿಣ್ಣು ಸೀಳಿದರೆ ರಕ್ತ ಅಂಟುತ್ತೆ, ರಕ್ತದಿಂದ ಹೆಪಟೈಟಿಸ್ ಬಿ ಹರಡುತ್ತೆ.

ಅಂದಹಾಗೆ, ನಿಮ್ಮ ಏಟು ಎಲ್ಲಿ ಬೀಳ್ತಿದೆ ಅಂತ ನೋಡಿದ್ದೀರಾ? ಕೈ ವಾಸಿಯಾದ ಮೇಲೆ ಗವಸಿನ ಮೇಲೆ ಒಂದು ಚಿಟಿಕೆ ಅಕ್ಕಿಹಿಟ್ಟು ಸವರಿ, ಮೆಲ್ಲಗೆ ಒಂದೇ ಏಟು ಹಾಕಿ ಗಿಣ್ಣು ನೋಡಿ. ಹಿಟ್ಟು ತೋರುಬೆರಳು, ನಡುಬೆರಳಿನ ಗಿಣ್ಣಿನ ಮೇಲೆ ಎರಡು ಬಿಳಿ ಬೊಟ್ಟಿನಂತೆ ಕೂತಿರಬೇಕು. ಕಿರುಬೆರಳಿನ ಪಕ್ಕದ ತನಕ ಬಳಿದುಕೊಂಡಿದ್ದರೆ ಮಣಿಕಟ್ಟು ಹೊರಗೆ ವಾಲಿದೆ ಅಂತ ಅರ್ಥ.

ಬೆಣ್ಣೆನಗರಿ_ಮುಷ್ಟಿ

ಇಬ್ಬರಿಗೂ ಧನ್ಯವಾದ ಸಾರ್. ಎಕ್ಸ್-ರೇ ಆಯ್ತು, ಮುರಿದಿಲ್ಲ, ಜಜ್ಜಿದೆ ಅಷ್ಟೇ ಅಂದ್ರು. ಎಳೆ ಜಾರುತ್ತಿಲ್ಲ, ಗುಳಿಯಲ್ಲೂ ನೋವಿಲ್ಲ. ಎಡಗೈಯಲ್ಲಿ ಹಿಟ್ಟಿನ ಪರೀಕ್ಷೆ ಮಾಡಿದೆ, ಮೂರು ಗಿಣ್ಣಿಗೆ ಹತ್ತಿದೆ. ಮತ್ತೆ ಯಾವಾಗ ಶುರು ಮಾಡಬಹುದು? ಜೋಮಿಗೆ ಏನು ಮಾಡಲಿ? ಮುಂಗೈ ಬಡಿಯೋಕೆ ಜೊತೆಗಾರ ನನ್ನ ತಮ್ಮನೇ, 14 ವರ್ಷ.

ಕೋಟೆ_ಗರಡಿ (ಚಿತ್ರದುರ್ಗ)

ಮೊದಲು ನಿಮ್ಮ ತಮ್ಮನ್ನ ಅದರಿಂದ ಬಿಡಿಸಿ. 14ಕ್ಕೆ ಮಣಿಕಟ್ಟಿನ ಹತ್ತಿರ ಮೂಳೆಯ ಬೆಳವಣಿಗೆಯ ಪದರ ಇನ್ನೂ ಮೆತ್ತಗಿರುತ್ತೆ, ಹುಡುಗರಲ್ಲಿ ಅದು ಮುಚ್ಚೋದು ಸುಮಾರು 17–19ಕ್ಕೆ. ಅಲ್ಲಿ ಪೆಟ್ಟಾದರೆ ಮೂಳೆ ಗಿಡ್ಡ ಉಳಿಯಬಹುದು, ಸೊಟ್ಟ ಬೆಳೆಯಬಹುದು. ದಂಡ ಹೊಡೆಯಲಿ, ಹಗ್ಗ ಹತ್ತಲಿ, ಅಕ್ಕಿ ತುಂಬಿದ ಬಕೆಟ್‌ನಲ್ಲಿ ಕೈ ಇಳಿಸಿ ಹಿಡಿದು ಬಿಡೋ ಅಭ್ಯಾಸ ಮಾಡಲಿ. ಗಟ್ಟಿ ವಸ್ತುವಿಗೆ ಕೈ ಬಡಿಯೋದು ಈಗ ಅವನಿಗೆ ಬೇಡ.

ಜೋಮಿನ ಕಾರಣ ಜಾಗ. ಮುಂಗೈನ ಕೆಳಗಿನ ಮೂರನೇ ಒಂದು ಭಾಗದಲ್ಲಿ, ಹೆಬ್ಬೆರಳಿನ ಪಕ್ಕ, ಒಂದು ನರ ಮಾಂಸದಿಂದ ಹೊರಬಂದು ಚರ್ಮದ ಕೆಳಗೇ ಓಡುತ್ತೆ. ಹೆಬ್ಬೆರಳ ಬೆನ್ನಿಗೆ ಸ್ಪರ್ಶ ಕೊಡೋದು ಅದೇ. ನೀವು ಅದನ್ನೇ ಜಜ್ಜುತ್ತಿದ್ದೀರಿ. ವಾಚ್, ಬಿಗಿ ದಾರ, ಕಡಗ ಇದ್ದರೆ ಅದೂ ಒತ್ತುತ್ತೆ, ತೆಗೆದಿಡಿ. ಜೋಮು ಪೂರ್ತಿ ಹೋಗಿ ಎರಡು ವಾರ ಆಗೋವರೆಗೆ ಮುಂಗೈ ಬಡಿತ ಬೇಡ. ಆಮೇಲೆ ಮಣಿಕಟ್ಟಿನಿಂದ ಒಂದು ಗೇಣು ಬಿಟ್ಟು, ಮೊಣಕೈ ಕಡೆಯ ಮಾಂಸದ ಭಾಗಕ್ಕೆ ಮಾತ್ರ. ಮೊಣಕೈನ ಒಳಗುಳಿಯನ್ನೂ ಕಿರುಬೆರಳಿನ ಸಾಲಿನಲ್ಲಿ ಬರುವ ಮೂಳೆಯ ಬರಿ ಅಂಚನ್ನೂ ಬಿಡಿ, ಆ ಅಂಚಿನಲ್ಲಿ ಮೂಳೆ ಮೇಲೆ ಮಾಂಸವೇ ಇಲ್ಲ. ಜಪಾನಿನ ಓಕಿನಾವಾ ದ್ವೀಪದ ಗೋಜು-ರ್ಯೂ, ಉಎಚಿ-ರ್ಯೂ ಕರಾಟೆ ಶೈಲಿಗಳ ಕೋತೆ ಕಿತಾಯಿ ಅಂದರೆ ಇದೇ ಮುಂಗೈ ಅಭ್ಯಾಸ. ಇಬ್ಬರೂ ಟವೆಲ್ ಸುತ್ತಿಕೊಂಡು, ಭುಜ ಸಡಿಲ ಬಿಟ್ಟು, ಪಕ್ಕಕ್ಕೆ 10, ವಾರಕ್ಕೆ ಎರಡು ದಿನ. ಮರುದಿನ ಮುಟ್ಟಿದರೆ ನೋಯುವಷ್ಟು ಬಿದ್ದಿದ್ದರೆ ಜೋರು ಹೆಚ್ಚಾಗಿದೆ.

ಇದೊಂದು ನೆನಪಿರಲಿ: ಬಡಿತದ ನಂತರ ಮುಂಗೈ ಕಲ್ಲಿನಂತೆ ಬಿಗಿದು, ಬೆರಳು ಚಾಚಿದರೆ ತಡೆಯಲಾರದ ನೋವು ಬಂದು, ಬೆರಳೆಲ್ಲ ಮರಗಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಒಳಗೆ ಒತ್ತಡ ಏರಿ ರಕ್ತ ಓಡಾಟ ನಿಂತಿರಬಹುದು. ರಾತ್ರಿಯಾದರೂ ಆಗಲೇ ಆಸ್ಪತ್ರೆಗೆ ಹೋಗಬೇಕು.

ಹತ್ತಿಗಿರಣಿ (ದಾವಣಗೆರೆ)

ಚೀಲ ಶುರು ಮಾಡೋದು ಊತ ಇಳಿದು, ಬೆಳಿಗ್ಗೆಯೂ ಮುಷ್ಟಿ ಪೂರ್ತಿ ಮುಚ್ಚಿ, ಗಿಣ್ಣು ಒತ್ತಿದರೆ ನೋವಿಲ್ಲ ಅಂದಾಗ. ಜಜ್ಜಿದ ಕೈಗೆ ಮೂರರಿಂದ ಆರು ವಾರ ಹಿಡಿಯಬಹುದು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಒಂದು ಕೈಗೆ 20 ಏಟು. ಬಲ ಹಾಕೋದಲ್ಲ, ಕೈಯನ್ನು ಅದರ ಭಾರಕ್ಕೇ ಬೀಳಲು ಬಿಡಿ. ವಾರಕ್ಕೆ 5 ಸೇರಿಸುತ್ತಾ 50ಕ್ಕೆ ನಿಲ್ಲಿಸಿ. ಸಂಖ್ಯೆ ಏರಿಸುವ ವಾರ ಜೋರು ಏರಿಸಬೇಡಿ.

ಭಾರ ಬಿದ್ದಂತೆ ಮೂಳೆ ತನ್ನನ್ನು ತಿದ್ದಿಕೊಳ್ಳುತ್ತೆ ಅಂತ ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದಾರೆ. ಆದರೆ ಹಳೆಯ ಮೂಳೆಯನ್ನು ತೆಗೆದು ಹೊಸದು ಕಟ್ಟೋ ಒಂದು ಸುತ್ತಿಗೆ ಮೂರು ನಾಲ್ಕು ತಿಂಗಳು ಬೇಕು. ಮೊದಲು ತೆಗೆಯುತ್ತೆ, ಆಮೇಲೆ ಕಟ್ಟುತ್ತೆ. ಆ ನಡುವೆ ದಿನಾ 100 ಏಟು ಬಿದ್ದರೆ ಕಟ್ಟುವ ಕೆಲಸ ಹಿಂದೆ ಬೀಳುತ್ತೆ. ಹಾಗಾಗಿ ಆರು ತಿಂಗಳು ಚೀಲದ ಕಾಳು ಬದಲಿಸುವ ಯೋಚನೆಯೇ ಬೇಡ.

ಈ ಬಿಡುವಿನಲ್ಲಿ ಮಣಿಕಟ್ಟು ಬಲಪಡಿಸಿ, ಹಿಟ್ಟು ಮೂರನೇ ಗಿಣ್ಣಿಗೆ ಹತ್ತೋದು ಅದರಿಂದಲೇ ನಿಲ್ಲುತ್ತೆ. ಬಕೆಟ್‌ನಲ್ಲಿ 10 ಕೆ.ಜಿ. ಅಕ್ಕಿ ಹಾಕಿ, ಮಣಿಕಟ್ಟಿನ ತನಕ ಕೈ ಇಳಿಸಿ, ಹಿಡಿದು ಬಿಡೋದು 20, ತಿರುವೋದು ಎರಡೂ ಕಡೆ 20. ಭತ್ತ ಬೇಡ, ಹೊಟ್ಟು ಚುಚ್ಚುತ್ತೆ. ಐದೂ ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸೋದು 15ರಂತೆ ಮೂರು ಸಲ. ಊದಿದ ಕೈಗೆ ಇದೂ ಊತ ಇಳಿದ ಮೇಲೆಯೇ.

ಚಳ್ಳಕೆರೆ_ಕಂಬಳಿ

ನಡುವೆ ಒಂದು ಪ್ರಶ್ನೆ ಸಾರ್. ನಮ್ಮ ಕಡೆ ಕೆಲವರು ಬಂಡೆಗೇ ಗುದ್ದಿ ಅಭ್ಯಾಸ ಮಾಡ್ತಾರೆ, ಅದು?

ಕೋಟೆ_ಗರಡಿ (ಚಿತ್ರದುರ್ಗ)

ದುರ್ಗದ ಬಂಡೆ ಒಂದು ಕೂದಲೆಳೆಯಷ್ಟೂ ಹಿಂದೆ ಸರಿಯಲ್ಲ. ಓಕಿನಾವಾದವರು ಹೊಡೆಯುವ ಮಕಿವಾರ ಹಲಗೆಗೆ ಬುಡ ದಪ್ಪ, ತುದಿ ತೆಳು ಇರೋದು ಇದಕ್ಕೇ. ಎದೆಮಟ್ಟದಲ್ಲಿ ಏಟು ಬಿದ್ದಾಗ ಒಂದೆರಡು ಇಂಚು ಬಾಗಿ ವಾಪಸ್ ಬರಬೇಕು. ಬಾಗದ ಹಲಗೆಯೂ ಬಂಡೆಯ ಲೆಕ್ಕವೇ.

ಹತ್ತಿಗಿರಣಿ (ದಾವಣಗೆರೆ)

ಚರ್ಮದ ಬಗ್ಗೆ ಹೇಳೋದು ಬಿಟ್ಟಿದ್ದೆ. ನಮ್ಮ ಬೇಸಿಗೆಯ ಒಣಹವೆಗೆ ಗಿಣ್ಣು ಬೇಗ ಬಿರಿಯುತ್ತೆ. ಕೊಬ್ಬರಿ ಎಣ್ಣೆ ರಾತ್ರಿ ಹಚ್ಚಿ, ಹೊಡೆಯೋಕೆ ಮೊದಲು ಬೇಡ, ಜಾರುತ್ತೆ. ಚರ್ಮ ಸೀಳಿದ ದಿನ ಸೋಪು ಹಾಕಿ ತೊಳೆದು, ಒಣಗಿ ಮುಚ್ಚುವ ತನಕ ರಜೆ. ಹೆಸರುಕಾಳನ್ನು ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ಜರಡಿ ಹಿಡಿಯಿರಿ. ಪುಡಿ ತಳಕ್ಕೆ ಕೂತರೆ ಅದೂ ಮರಳಿನ ಹಾಗೇ ಗಟ್ಟಿಯಾಗುತ್ತೆ. ಹುಳು ಕಂಡರೆ ಪೂರ್ತಿ ಬದಲಿಸಿ.