ಚಿಕ್ಕಪ್ಪ ಕಳಿಸಿದ ಸಾಲ್ಮನ್ ವಿಡಿಯೋ

ಶ್ರೀಧರ ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ ವಿಡಿಯೋ) ನಾರ್ವೆ ಸಾಲ್ಮನ್‌ಗೆ ಬೇರೆ ಮೀನಿನ ಜೀನ್ ಹಾಕುತ್ತಾರಂತೆ. ಸುಮಾ, ನೀನು ಅಲ್ಲೇ ಇದ್ದೀಯಲ್ಲ, ಮಕ್ಕಳಿಗೆ ಕೊಡಬೇಡಮ್ಮ.

ಸುಮಾ: ಚಿಕ್ಕಪ್ಪ, ಇದರಲ್ಲಿ ಎರಡು ವಿಷಯ ಕಲಸಿಹೋಗಿವೆ. ಬೇರೆ ಮೀನಿನ ಜೀನ್ ಹಾಕಿದ ಸಾಲ್ಮನ್ ಒಂದಿತ್ತು, ನಿಜ. ಆಕ್ವಾಡ್ವಾಂಟೇಜ್ ಅಂತ ಹೆಸರು. 2015ರಲ್ಲಿ ಅಮೆರಿಕದ ಆಹಾರ, ಔಷಧ ಇಲಾಖೆ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟಿತು. ನಾರ್ವೆಯಲ್ಲಿ ಸಾಕುವುದು ಅದನ್ನಲ್ಲ. ಇಲ್ಲಿ ಜೀನ್ ಓದುತ್ತಾರೆ, ಹಾಕುವುದಿಲ್ಲ.

ಶ್ರೀಧರ ಚಿಕ್ಕಪ್ಪ: ಓದಿ ಏನು ಮಾಡುತ್ತಾರೆ? ಸುಮ್ನೆ ಯಾರೂ ಅಷ್ಟು ದುಡ್ಡು ಸುರಿಯುವುದಿಲ್ಲ.

ಸುಮಾ: ಐಪಿಎನ್ ಅನ್ನುವ ವೈರಸ್ ರೋಗ ಇದೆ. ಸಿಹಿನೀರಿನ ತೊಟ್ಟಿಯಿಂದ ಸಮುದ್ರದ ಬಲೆಗೂಡಿಗೆ ಬಿಟ್ಟ ಸ್ವಲ್ಪ ದಿನಕ್ಕೇ ಮೀನು ರಾಶಿ ರಾಶಿ ಸಾಯುತ್ತಿದ್ದವು. ಆದರೆ ಕೆಲವು ಮೀನುಗಳ ಮರಿಗಳು ಮಾತ್ರ ಬದುಕುತ್ತಿದ್ದವು. ಯಾಕೆ ಅಂತ ಸ್ಕಾಟ್ಲೆಂಡ್‌ನವರೂ ನಾರ್ವೆಯವರೂ ಬೇರೆ ಬೇರೆಯಾಗಿ ಹುಡುಕಿದರು. ಇಬ್ಬರಿಗೂ ಉತ್ತರ ಒಂದೇ ಕ್ರೋಮೋಸೋಮಿನಲ್ಲಿ, ಅಂದರೆ ಜೀನ್‌ಗಳನ್ನು ಹೊತ್ತ ಒಂದೇ ಎಳೆಯಲ್ಲಿ ಸಿಕ್ಕಿತು! ಈಗ ರೆಕ್ಕೆಯ ಚೂರು ತೆಗೆದು ಡಿಎನ್‌ಎ ನೋಡುತ್ತಾರೆ. ರೋಗ ತಡೆಯುವ ಆ ಗುಣ ಇರುವ ಗಂಡು ಹೆಣ್ಣನ್ನೇ ಮರಿ ಮಾಡಿಸಲು ಇಟ್ಟುಕೊಳ್ಳುತ್ತಾರೆ. 2009ರಿಂದ ಇಂಥ ಮೊಟ್ಟೆ ಬಂದ ಮೇಲೆ ಇಲ್ಲಿ ಐಪಿಎನ್ ತುಂಬಾ ಇಳಿದಿದೆ. ಅಜ್ಜ ಬಿತ್ತನೆಗೆ ಅಂತ ಒಳ್ಳೆ ತೆನೆ ಆರಿಸಿ ಎತ್ತಿಡುತ್ತಿದ್ದರಲ್ಲ, ಹಾಗೆಯೇ. ತೆನೆ ಕಣ್ಣಿಗೆ ಕಾಣುತ್ತದೆ. ರೋಗ ತಡೆಯುವ ಗುಣ ಕಾಣುವುದಿಲ್ಲ. ಅದಕ್ಕೇ ಡಿಎನ್‌ಎ ಬೇಕು.

ರಮೇಶಣ್ಣ: ಆರಿಸಿ ತಳಿ ಮಾಡುವುದು ನಮ್ಮಲ್ಲೂ ಇದೆ ಚಿಕ್ಕಪ್ಪ. ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ ಸಿಫಾದವರು ನಾರ್ವೆಯವರ ಜೊತೆ ಸೇರಿ 1992ರಲ್ಲಿ ಶುರು ಮಾಡಿದ ಕೆಲಸದಿಂದಲೇ ಜಯಂತಿ ರೋಹು ಬಂತು. ಬೇಗ ಬೆಳೆಯುವ ಮೀನು.

ಶ್ರೀಧರ ಚಿಕ್ಕಪ್ಪ: ಸರಿ, ಒಪ್ಪಿದೆ. ಆದರೆ ಹೀಗೆ ಆರಿಸಿದ ಮೀನು ಬಲೆ ಹರಿದುಕೊಂಡು ಹೊಳೆ ಸೇರಿದರೆ? ಅಲ್ಲಿನ ಮೀನಿನ ಗತಿ ಏನು?

ಸುಮಾ: ಇದು ನಿಜವಾದ ಚಿಂತೆ. ನನಗೂ ಇದೇ ಸಂಕಟ. ತಪ್ಪಿಸಿಕೊಂಡ ಸಾಕು ಮೀನು ಹೊಳೆಯ ಮೀನಿನ ಜೊತೆ ಸೇರಿ ಮರಿ ಮಾಡುತ್ತಿದೆ. ಪರೀಕ್ಷೆ ಮಾಡಿದ ಹೊಳೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಬೆರಕೆಯ ಗುರುತು ಸಿಕ್ಕಿದೆ. ಆ ಮರಿಗಳು ಹೊಳೆಯಲ್ಲಿ ಅಷ್ಟಾಗಿ ಬದುಕುವುದಿಲ್ಲ. ಸಾವಿರಾರು ವರ್ಷ ಒಂದೊಂದು ಹೊಳೆಗೇ ಒಗ್ಗಿದ ಮೀನು ಚಿಕ್ಕಪ್ಪ, ಹೋದರೆ ಮತ್ತೆ ಬರುವುದಿಲ್ಲ. ಈ ಬೆರಕೆ ಎಷ್ಟು ಹರಡಿದೆ ಅಂತ ಗೊತ್ತಾಗಿದ್ದೂ ಡಿಎನ್‌ಎಯಿಂದಲೇ.

ಶ್ರೀಧರ ಚಿಕ್ಕಪ್ಪ: ಹಾಗಾದರೆ ದಡದ ಮೇಲೆ ತೊಟ್ಟಿ ಕಟ್ಟಿ ಸಾಕಲಿ.

ಸುಮಾ: ಖರ್ಚು ಜಾಸ್ತಿ ಅಂತಾರೆ. ಆದರೂ ಈ ವಿಷಯದಲ್ಲಿ ನಾನು ನಿಮ್ಮ ಕಡೆಯೇ. ಆ ವಿಡಿಯೋ ಮಾತ್ರ ಅಳಿಸಿಬಿಡಿ.

ಶ್ರೀಧರ ಚಿಕ್ಕಪ್ಪ: ಅಳಿಸುವುದಿಲ್ಲಮ್ಮ. ಕೆಳಗೆ ನಿನ್ನ ಉತ್ತರ ಇದೆಯಲ್ಲ. ಎಲ್ಲರೂ ಎರಡನ್ನೂ ನೋಡಲಿ.