ಮರ ಹಚ್ಚ ಹಸಿರು, ನೆಲದ ಮೇಲೆ ಕೆಂಪು ಎಲೆ: ಈ ‘ಫಾಲ್’ ಸಿನಿಮಾಗಳಲ್ಲಿ ಏನು ನಡೀತಿದೆ?

ಮಧ್ಯಾಹ್ನದ ಪ್ರೇಕ್ಷಕಿ:

ನಗಬೇಡಿ. ಆರು ವಾರದಲ್ಲಿ ಹದಿನಾಲ್ಕು ಅಮೆರಿಕನ್ ಟಿವಿ ಸಿನಿಮಾ ನೋಡಿದ್ದೇನೆ. ಎಲ್ಲವೂ ಒಂದೇ ಜಾತಿಯವು. ಹಾಲ್‌ಮಾರ್ಕ್ ಚಾನೆಲ್ ಥರದವರು ಪ್ರತಿ ವರ್ಷ ಎಲೆ ಉದುರುವ ಕಾಲಕ್ಕೆ (ಅವರ ‘ಫಾಲ್’) ಹಾಕುತ್ತಾರಲ್ಲ, ಆ ಹಗುರ ಪ್ರೇಮಕಥೆಗಳು.

ಅತ್ತೆಗೆ ಮೊಣಕಾಲಿನ ಆಪರೇಷನ್ ಆಗಿದೆ. ಊಟವಾದ ಮೇಲೆ ಕಾಲು ಚಾಚಿ ಕೂತಿರಬೇಕು. ಅವರು ನೋಡುವ ಸೀರಿಯಲ್‌ನಲ್ಲಿ ಎಲ್ಲರೂ ಅಳುತ್ತಾರೆ, ನನಗೆ ಆಗಲ್ಲ. ನಾನು ನೋಡುವುದರಲ್ಲಿ ಎಲ್ಲರೂ ಸಾಯುತ್ತಾರೆ, ಅವರಿಗೆ ಆಗಲ್ಲ. ಕೊನೆಗೆ ಇಬ್ಬರೂ ಒಪ್ಪಿದ್ದು ಇದನ್ನು.

ಅತ್ತೆಗೆ ಇಂಗ್ಲಿಷ್ ಬರಲ್ಲ. ಮೊದಲ ಎರಡು ಸಿನಿಮಾಗೆ ನಾನು ಪಕ್ಕದಲ್ಲಿ ಕೂತು ಹೇಳುತ್ತಿದ್ದೆ. ಮೂರನೆಯದಕ್ಕೆ "ನೀನು ಸುಮ್ನಿರು, ನಂಗೆ ಗೊತ್ತಾಗತ್ತೆ" ಅಂದರು. ನಿಜವಾಗಿಯೂ ಗೊತ್ತಾಗುತ್ತದೆ. ನಿನ್ನೆಯದರಲ್ಲಿ ನ್ಯೂಯಾರ್ಕಿನ ಹುಡುಗಿ, ಕಾಲಲ್ಲಿ ಹೈಹೀಲ್ಸ್, ಕಿವಿಯಲ್ಲಿ ಫೋನು. ತೀರಿಹೋದ ಚಿಕ್ಕಮ್ಮನ ಸೇಬಿನ ತೋಟ ಮಾರಲು ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದ ಒಂದು ಚಿಕ್ಕ ಊರಿಗೆ ಬರುತ್ತಾಳೆ. ತೋಟದೊಳಗಿಂದ ಚೆಕ್ಸ್ ಶರ್ಟಿನವನೊಬ್ಬ ಏಣಿ ಹೊತ್ತುಕೊಂಡು ಬಂದ. ಅತ್ತೆ "ಇವನೇ" ಅಂದರು. ಅವನು ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ಇಬ್ಬರೂ ಅಂಗಳದಲ್ಲಿ ಎಲೆ ಗುಡಿಸುತ್ತಾರೆ. ದೊಡ್ಡ ಗುಡ್ಡೆ, ಎಲ್ಲ ಕೆಂಪು, ಕಿತ್ತಳೆ. ಅವಳು ಒಂದು ಬೊಗಸೆ ಎತ್ತಿ ಅವನ ಮೇಲೆ ಎರಚುತ್ತಾಳೆ. ಆಗ ಅತ್ತೆ "ನಿಲ್ಸು ನಿಲ್ಸು" ಅಂದರು. ನಿಲ್ಲಿಸಿದೆ. "ಹಿಂದಿನ ಮರ ನೋಡು. ಹಚ್ಚ ಹಸಿರು. ಒಂದು ಎಲೆಯೂ ಉದುರಿಲ್ಲ. ಇಷ್ಟೊಂದು ಎಲ್ಲಿಂದ ಬಂತು?" ಅಂದರು. ಆಮೇಲೆ ನನಗೂ ಕಣ್ಣು ತೆರೆಯಿತು. ಹುಡುಗನಿಗೆ ಕುತ್ತಿಗೆ ಸುತ್ತ ಮಫ್ಲರ್, ಉಣ್ಣೆ ಕೋಟು, ಮೇಲ್ದುಟಿಯ ಮೇಲೆ ಸಾಲಾಗಿ ಬೆವರ ಹನಿ!

ಆ ಎಲೆ ಎಲ್ಲಿಂದ ಬರುತ್ತದೆ? ನಿಜವಾದ ಎಲೆ ಉದುರುವಾಗಲೇ ಹೋಗಿ ಶೂಟಿಂಗ್ ಮಾಡಿದರೆ ಏನು ಕಷ್ಟ? ಇನ್ನೊಂದು, ಇವರಿಬ್ಬರ ಮುಖ ಹತ್ತಿರ ಬಂದಾಗೆಲ್ಲ ಯಾರಾದರೂ ಅಡ್ಡ ಬರಲೇಬೇಕಾ? ನಿನ್ನೆ ಬಂದದ್ದು ಒಂದು ಆಡು.

ಬರೀ ಥ್ರಿಲ್ಲರ್:

ಹದಿನಾಲ್ಕು ಸಿನಿಮಾ ಅಲ್ಲ ಮೇಡಂ. ನೀವು ಒಂದೇ ಸಿನಿಮಾವನ್ನು ಹದಿನಾಲ್ಕು ಸಲ ನೋಡಿದ್ದೀರಿ.

ಮಧ್ಯಾಹ್ನದ ಪ್ರೇಕ್ಷಕಿ:

ಅತ್ತೆಗೆ ಓದಿ ಹೇಳಿದೆ. "ಹೌದು, ಏನೀಗ?" ಅಂದರು.

ಹಿಂದಿನ ಸಾಲಿನವನು:

ಮೇಡಂ, ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ. ಆ ಎಲೆಗಳನ್ನು ಬೆನ್ನ ಮೇಲೆ ಎರಚಿಸಿಕೊಂಡವನು ನಾನು.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಓದುತ್ತಿದ್ದಾಗ ಕೈಖರ್ಚಿಗೆ ಅಂತ ಇಂಥದ್ದೊಂದು ಸಿನಿಮಾದಲ್ಲಿ ಎರಡು ದಿನ ‘ಬ್ಯಾಕ್‌ಗ್ರೌಂಡ್’ ಆಗಿ ಹೋಗಿದ್ದೆ. ಅಂದರೆ ನಾಯಕ ನಾಯಕಿ ಮಾತಾಡುವಾಗ ಹಿಂದೆ ಮಸುಕಾಗಿ ಓಡಾಡುವ ಜನ. ಇವುಗಳಲ್ಲಿ ಕಾಣುವ ಅಮೆರಿಕದ ಚಿಕ್ಕ ಊರು ಎಷ್ಟೋ ಸಲ ಅಮೆರಿಕವೇ ಅಲ್ಲ. ವ್ಯಾಂಕೂವರ್ ಸುತ್ತಮುತ್ತಲಿನ ಲ್ಯಾಂಗ್ಲಿ, ಮೇಪಲ್ ರಿಡ್ಜ್, ಅಬಟ್ಸ್‌ಫರ್ಡ್ ಕಡೆಯ ಬೀದಿಗಳು. ಅಲ್ಲಿ ಶೂಟಿಂಗ್ ಮಾಡಿದರೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ, ಅಮೆರಿಕದ ಡಾಲರ್ ಅಲ್ಲಿ ಜಾಸ್ತಿ ದಿನ ಬಾಳುತ್ತದೆ, ಕೆಲಸ ಗೊತ್ತಿರುವ ತಂಡಗಳೂ ಇವೆ.

ನಾನು ಹೋದದ್ದು ಜುಲೈಯಲ್ಲಿ. 29 ಡಿಗ್ರಿ. ನನಗೆ ಕೊಟ್ಟದ್ದು ಉಣ್ಣೆ ಟೋಪಿ, ದಪ್ಪ ಜಾಕೆಟ್, ಕೈಗೊಂದು ಕಾಗದದ ಕಾಫಿ ಕಪ್. ಕಪ್ ಖಾಲಿ. ಬೇಕರಿಯ ಮುಂದೆ ಆ ಖಾಲಿ ಕಪ್ ಹಿಡಿದುಕೊಂಡು ಹನ್ನೊಂದು ಸಲ ನಡೆದೆ. ಒಂದೊಂದು ಟೇಕ್ ಮುಗಿದ ಕೂಡಲೇ ನಾಯಕಿಯ ಕೋಟನ್ನು ಒಬ್ಬರು ಬಿಚ್ಚಿಕೊಳ್ಳುತ್ತಿದ್ದರು, ಇನ್ನೊಬ್ಬರು ಪುಟ್ಟ ಫ್ಯಾನ್ ಹಿಡಿದು ಕುತ್ತಿಗೆಗೆ ಗಾಳಿ ಹಾಕುತ್ತಿದ್ದರು.

ಎಲೆ ಬರುವುದು ಗೋಣಿಯಲ್ಲಿ. ಗಿಡ, ಮರ, ಹುಲ್ಲು ನೋಡಿಕೊಳ್ಳುವವರನ್ನು ಅಲ್ಲಿ ‘ಗ್ರೀನ್ಸ್’ ಅನ್ನುತ್ತಾರೆ. ಅವರು ಬೆಳಿಗ್ಗೆ ಬಂದು ಫುಟ್‌ಪಾತ್ ಮೇಲೆ ಬಟ್ಟೆ ಎಲೆ ಸುರಿದರು. ಸುಮ್ನೆ ಸುರಿಯುವುದಲ್ಲ. ಮರದ ಬುಡದಲ್ಲಿ ಜಾಸ್ತಿ, ರಸ್ತೆ ಕಡೆಗೆ ಕಡಿಮೆ, ಗೋಡೆಯ ಮೂಲೆಯಲ್ಲಿ ಗಾಳಿ ತಂದು ಒತ್ತರಿಸಿದ ಹಾಗೆ ಒಂದು ಸಣ್ಣ ರಾಶಿ. ಆ ಮೂಲೆಯ ರಾಶಿಗೇ ಒಬ್ಬರು ಐದು ನಿಮಿಷ ಮೊಣಕಾಲೂರಿ ಕೂತಿದ್ದರು. ಸಂಜೆ ಅಷ್ಟನ್ನೂ ಗುಡಿಸಿ ಮತ್ತೆ ಗೋಣಿಗೆ. ಒಂದು ಎಲೆ ಹೇಗೋ ನನ್ನ ಶೂ ಒಳಗೆ ಸೇರಿ ರೂಮಿಗೆ ಬಂತು, ಈಗಲೂ ಒಂದು ಪುಸ್ತಕದಲ್ಲಿದೆ. ಮೇಲೆ ಬಟ್ಟೆ, ಹಿಂದೆ ಪ್ಲಾಸ್ಟಿಕ್ ನರ, ತುದಿಯಲ್ಲಿ ಬಿಟ್ಟ ನೂಲು. ಬೇಕರಿಯ ಬಾಗಿಲಲ್ಲಿ ಕುಂಬಳಕಾಯಿ ಗುಡ್ಡೆ ಹಾಕಿದ್ದರು. ಯಾರದೋ ಬೂಟು ತಾಗಿ ಒಂದು ಚೆಂಡಿನ ಹಾಗೆ ಪುಟಿದುಕೊಂಡು ರಸ್ತೆ ದಾಟಿತು. ಫೋಮ್! ಜುಲೈಯಲ್ಲಿ ನಿಜವಾದದ್ದು ಎಲ್ಲಿ ಸಿಗಬೇಕು? ಹೊಲದಲ್ಲಿ ಬಳ್ಳಿ ಇನ್ನೂ ಹಬ್ಬುತ್ತಿರುತ್ತದೆ.

ಮರಕ್ಕೂ ಮದ್ದಿದೆ. ಕ್ಯಾಮೆರಾ ಹತ್ತಿರದ ಕೊಂಬೆಗೆ ತಂತಿಯಲ್ಲಿ ಕೆಂಪು ಎಲೆ ಕಟ್ಟುತ್ತಾರೆ. ದೂರದ ಹಸಿರನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಹಳದಿ, ಕಿತ್ತಳೆ ಮಾಡುತ್ತಾರೆ. ನಿಮ್ಮ ಅತ್ತೆ ಹಿಡಿದದ್ದು ಬಹುಶಃ ಎರಡರ ನಡುವಿನದು. ಕಟ್ಟುವುದಕ್ಕೆ ದೂರ, ಬಣ್ಣ ಬದಲಿಸುವುದಕ್ಕೆ ಸಮಯ ಸಾಲಲಿಲ್ಲ.

ನಿಜವಾದ ಕಾಲದಲ್ಲಿ ಯಾಕೆ ತೆಗೆಯಲ್ಲ ಅಂದಿರಿ. ಕ್ಯಾಲೆಂಡರ್ ನೋಡಿ. ಹಾಲ್‌ಮಾರ್ಕ್ 2009ರಲ್ಲಿ ಕ್ರಿಸ್‌ಮಸ್ ಸಿನಿಮಾಗಳ ಸರಣಿ ಶುರು ಮಾಡಿತು. ಈಗೀಗ ಅದು ಅಕ್ಟೋಬರ್ ಮುಗಿಯುವುದರೊಳಗೇ ಬಂದು ಕೂರುತ್ತದೆ. ಅಲ್ಲಿಂದ ಜನವರಿವರೆಗೆ ಬರೀ ಹಿಮ. ಹಾಗಾಗಿ ಎಲೆಯ ಕಥೆಗಳಿಗೆ ಸಿಗುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನ ಮೊದಲ ಭಾಗ. ಮರ ಚೆನ್ನಾಗಿ ಕೆಂಪಾಗುವ ಹೊತ್ತಿಗೆ ಇವರ ಸಿನಿಮಾ ಟಿವಿಯಲ್ಲಿ ಬಂದು ಹೋಗಿರಬೇಕು. ಒಂದೋ ಹಿಂದಿನ ವರ್ಷವೇ ತೆಗೆದು ಇಟ್ಟುಕೊಳ್ಳಬೇಕು, ಇಲ್ಲವೇ ಬೇಸಿಗೆಯಲ್ಲಿ ಗೋಣಿ ಬಿಚ್ಚಬೇಕು. ಒಂದು ಸಿನಿಮಾಗೆ ಸುಮಾರು 15 ದಿನದ ಶೂಟಿಂಗ್. ದಿನಕ್ಕೆ ಚಿತ್ರಕಥೆಯ ಆರೇಳು ಪುಟ ಮುಗಿಸಬೇಕು. ಮರ ಯಾವಾಗ ಕೆಂಪಾಗುತ್ತೆ ಅಂತ ಕಾಯುವ ವ್ಯವಧಾನ ಯಾರಿಗೂ ಇಲ್ಲ.

ಎಲೆ ಎಣಿಸುವವ:

ಬಟ್ಟೆ ಎಲೆಯನ್ನು ಕ್ಷಮಿಸಬಹುದು. ನನ್ನ ತಕರಾರು ನಿಜವಾದ ಮರಗಳ ಮೇಲೆ.

ವರ್ಮಾಂಟ್ ಅಂತ ತೋರಿಸುತ್ತಾರಲ್ಲ, ಅಲ್ಲಿ ಗುಡ್ಡಕ್ಕೆ ಗುಡ್ಡವೇ ಕೆಂಪಾಗುವುದಕ್ಕೆ ಮುಖ್ಯ ಕಾರಣ ಸಕ್ಕರೆ ಮೇಪಲ್ ಮತ್ತು ಕೆಂಪು ಮೇಪಲ್ ಮರಗಳು. ಚಳಿ ಬಂದಾಗ ಎಲೆಯ ಹಸಿರು ಕರಗುತ್ತದೆ. ಹಳದಿ ಮೊದಲೇ ಒಳಗಿರುತ್ತದೆ, ಅದು ಈಗ ಕಾಣುತ್ತದೆ. ಕೆಂಪು ಹಾಗಲ್ಲ. ಅದನ್ನು ಎಲೆ ಕೊನೆಗಾಲದಲ್ಲಿ ಹೊಸದಾಗಿ ತಯಾರಿಸುತ್ತದೆ. ಬಿಸಿಲಿನ ಹಗಲು, ತಣ್ಣನೆಯ ರಾತ್ರಿ ಸಿಕ್ಕಿದರೆ ಕೆಂಪು ಇನ್ನೂ ಚೆನ್ನ. ವ್ಯಾಂಕೂವರ್ ಕಡೆಯ ದೊಡ್ಡೆಲೆ ಮೇಪಲ್ ಬೇರೆ ಜಾತಿ. ಎಲೆ ಊಟದ ತಟ್ಟೆಯಷ್ಟು ಅಗಲ, ಮತ್ತೆ ಅದು ತಿರುಗುವುದು ಹಳದಿಗೆ. ಅದರ ಹಿಂದೆ ಡಗ್ಲಸ್ ಫರ್ ಮರಗಳು ಸಾಲಾಗಿ ನಿಂತಿರುತ್ತವೆ. ಅವು ಪಶ್ಚಿಮ ಕರಾವಳಿಯ ಕಡೆಯವು, ವರ್ಮಾಂಟ್ ಕಾಡಿನಲ್ಲಿ ತಾವಾಗಿ ಬೆಳೆಯಲ್ಲ. ಪ್ರೇಮಿಗಳ ಭುಜದ ಮೇಲಿಂದ ನೋಡಿದರೆ ಸಾಕು, ಖಂಡದ ಆ ತುದಿ ಕಾಣುತ್ತದೆ.

ನಿಮ್ಮ ಅತ್ತೆಗೆ ಒಂದು ಹೊಸ ಆಟ ಹೇಳಿಕೊಡುತ್ತೇನೆ. ನೆರಳು ನೋಡಲಿ. ಅಕ್ಟೋಬರ್‌ನಲ್ಲಿ ವರ್ಮಾಂಟ್‌ನಲ್ಲಿ ನಡು ಮಧ್ಯಾಹ್ನವೂ ಸೂರ್ಯ ತೀರಾ ಮೇಲೇರುವುದಿಲ್ಲ. ಮನುಷ್ಯನ ನೆರಳು ಅವನಿಗಿಂತ ಉದ್ದ. ಜುಲೈ ಮಧ್ಯಾಹ್ನ ವ್ಯಾಂಕೂವರ್‌ನಲ್ಲಿ ನೆರಳು ಆಳಿನ ಅರ್ಧ ಮಾತ್ರ. ಹಾಗಾಗಿ ಗಿಡ್ಡ ನೆರಳು ಕಂಡರೆ ಸುಳ್ಳು ಅಂತ ಧೈರ್ಯವಾಗಿ ಹೇಳಬಹುದು. ಉದ್ದ ನೆರಳು ಕಂಡರೆ ಮಾತ್ರ ದುಡುಕಬೇಡಿ, ಅದು ಬೇಸಿಗೆಯ ಸಂಜೆಯೂ ಆಗಿರಬಹುದು.

ಇನ್ನು ಆ ಮೇಪಲ್ ಸಿರಪ್! ಎಲೆ ಉದುರುವಾಗ ನಾಯಕ ಮರಕ್ಕೆ ಬಕೆಟ್ ಕಟ್ಟಿ ರಸ ಇಳಿಸುವ ದೃಶ್ಯ ನೋಡಿದಾಗ ಟಿವಿ ಆಫ್ ಮಾಡಿದೆ. ರಸ ಇಳಿಸುವುದು ಚಳಿಗಾಲ ಮುಗಿಯುವಾಗ, ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ. ರಾತ್ರಿ ನೀರು ಹೆಪ್ಪುಗಟ್ಟಬೇಕು, ಹಗಲು ಕರಗಬೇಕು, ಆಗ ರಸ ಹರಿಯುತ್ತದೆ. ಸುಮಾರು 40 ಲೀಟರ್ ರಸ ಕುದಿಸಿದರೆ 1 ಲೀಟರ್ ಸಿರಪ್. ಅವನು ಒಂದು ಬಕೆಟ್ ಇಳಿಸಿ ಇಡೀ ಊರಿಗೆ ದೋಸೆಯಂಥ ಪ್ಯಾನ್‌ಕೇಕ್ ಮೇಲೆ ಹೊಯ್ದ.

ಬರೀ ಥ್ರಿಲ್ಲರ್:

ನೀವು ಸಿನಿಮಾ ನೋಡ್ತೀರೋ, ಪಂಚನಾಮೆ ಮಾಡ್ತೀರೋ?

ಒಂಬತ್ತನೇ ಅಂಕ:

ಆಡಿನ ವಿಷಯ ನಾನು ಹೇಳುತ್ತೇನೆ ಅಕ್ಕಾ. ಟಿವಿಗೆ ಬರೆದೇ ಹೊಟ್ಟೆ ಹೊರೆಯುವವಳು. ಅದು ಆಡು ಅಲ್ಲ, ಜಾಹೀರಾತು.

ಎರಡು ಗಂಟೆಯ ಸ್ಲಾಟ್‌ನಲ್ಲಿ ಸಿನಿಮಾ ಇರುವುದು ಸುಮಾರು 84 ನಿಮಿಷ. ಮಿಕ್ಕದ್ದು ಜಾಹೀರಾತು. ಅದಕ್ಕೇ ಕಥೆಯನ್ನು ಮೊದಲೇ ಒಂಬತ್ತು ತುಂಡು ಮಾಡಿ ಬರೆಯುತ್ತಾರೆ. ಮೊದಲ ತುಂಡು ಎಲ್ಲಕ್ಕಿಂತ ಉದ್ದ, ಯಾಕೆಂದರೆ ಅಷ್ಟರಲ್ಲಿ ನೀವು ಚಾನೆಲ್ ಬದಲಿಸುವ ಯೋಚನೆ ಬಿಟ್ಟಿರಬೇಕು. ಆಮೇಲೆ ಪ್ರತಿ ತುಂಡಿನ ತುದಿಯಲ್ಲೂ ಒಂದು ಸಣ್ಣ ಕೊಕ್ಕೆ. ಅವನು ಏನೋ ಹೇಳಲು ಹೊರಟ, ಫೋನ್ ಬಂತು. ಅವಳು ತಿರುಗಿ ನೋಡಿದಳು, ಸಿಟಿಯ ಹಳೇ ಬಾಯ್‌ಫ್ರೆಂಡ್ ಕಾರಿಂದ ಇಳಿದ. ಮುಖ ಹತ್ತಿರ ಬಂತು, ಆಡು ಬಂತು. ಥ್ರಿಲ್ಲರ್‌ನಲ್ಲಿ ಹೆಣ ಮಾಡುವ ಕೆಲಸವನ್ನು ಇಲ್ಲಿ ಆಡು ಮಾಡುತ್ತದೆ. (ಥ್ರಿಲ್ಲರ್ ಅಣ್ಣ, ಗಮನಿಸಿ.)

ನೀವು ಜಾಹೀರಾತಿಲ್ಲದೆ ನೋಡುತ್ತಿದ್ದರೂ ಹೊಲಿಗೆ ಕಾಣುತ್ತದೆ. ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಆಮೇಲೆ ಆಕಾಶದಿಂದ ಊರು ತೋರಿಸುತ್ತಾರೆ: ಚರ್ಚಿನ ಗೋಪುರ, ಕೆಂಪು ಕೊಟ್ಟಿಗೆ, ಸಂಗೀತ. ಅದೇ ಬ್ರೇಕ್ ಇದ್ದ ಜಾಗ. ಎಣಿಸಿ ನೋಡಿ.

ಬರೆಯುವವಳಾಗಿ ನನಗೆ ಹೊಟ್ಟೆಕಿಚ್ಚು ಬರುವ ವಿಷಯ ಬೇರೆ. ಇವುಗಳಲ್ಲಿ ಕೆಟ್ಟವರೇ ಇರಲ್ಲ. ಆ ಹಳೇ ಬಾಯ್‌ಫ್ರೆಂಡ್ ಮಾಡಿದ ತಪ್ಪು ಏನು? ಸದಾ ಫೋನ್ ನೋಡುತ್ತಾನೆ, ಅಷ್ಟೇ. ಇಷ್ಟು ಸಣ್ಣ ತೊಂದರೆ ಇಟ್ಟುಕೊಂಡು 84 ನಿಮಿಷ ಎಳೆಯುವುದು, ಜನ ಏಳದ ಹಾಗೆ ನೋಡಿಕೊಳ್ಳುವುದು ಸುಲಭ ಅಲ್ಲ. ನಾನು ಪ್ರಯತ್ನ ಮಾಡಿದ್ದೆ. ಮೂರನೇ ತುಂಡಿಗೇ ಒಬ್ಬರನ್ನು ಸಾಯಿಸಿಬಿಟ್ಟೆ.

ಮಧ್ಯಾಹ್ನದ ಪ್ರೇಕ್ಷಕಿ:

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನ ಆಯಿತು, ವರದಿ ಒಪ್ಪಿಸುತ್ತೇನೆ.

ಒಂಬತ್ತನೇ ಅಂಕ ಹೇಳಿದ್ದು ಸರಿ. ನಾವು ಎಣಿಸಿದ ನಾಲ್ಕರಲ್ಲಿ ಮೂರಕ್ಕೆ ಸರಿಯಾಗಿ ಎಂಟು ಸಲ ಪರದೆ ಕಪ್ಪಾಯಿತು. ಇದರಿಂದ ನಮಗೊಂದು ಲಾಭವೂ ಆಯಿತು. ಫಿಸಿಯೋಥೆರಪಿಯವರು ಕೂತಲ್ಲೇ ಆಗಾಗ ಪಾದ ಮೇಲೆ ಕೆಳಗೆ ಆಡಿಸಬೇಕು ಅಂದಿದ್ದರು. ನಾನು ನೆನಪಿಸಿದರೆ ಅತ್ತೆಗೆ ಸಿಟ್ಟು. ಈಗ ಪರದೆ ಕಪ್ಪಾದ ಕೂಡಲೇ ತಾವೇ ಹತ್ತು ಸಲ ಆಡಿಸುತ್ತಾರೆ, ಚರ್ಚಿನ ಗೋಪುರ ಬಂದಾಗ ಮುಗಿಸುತ್ತಾರೆ. ಎಂಟು ಸಲ ಆದರೆ ಒಂದು ದಿನದ್ದು ಚುಕ್ತಾ.

ಖಾಲಿ ಕಪ್ಪಿನ ವಿಷಯ ಹೇಳಬಾರದಿತ್ತು ನೀವು. ಈಗ ಯಾರು ಕಪ್ ಎತ್ತಿದರೂ "ಖಾಲಿ" ಅನ್ನುತ್ತಾರೆ. ಹಿಂದೆ ಯಾರಾದರೂ ಟೋಪಿ ಹಾಕಿಕೊಂಡು ನಡೆದರೆ "ಪಾಪ, ಸೆಖೆ" ಅನ್ನುತ್ತಾರೆ.

ನೆರಳಿನ ಆಟ ಎಲ್ಲಕ್ಕಿಂತ ಹಿಡಿಸಿದೆ. ಏಳು ಸಿನಿಮಾ ಸಾಲಾಗಿ ಗಿಡ್ಡ ನೆರಳು. ನಿನ್ನೆಯದು ಬೇರೆ ಥರ ಇತ್ತು. ಮಧ್ಯಾಹ್ನದ ಊಟಕ್ಕೆ ಜನ ಹೊರಗೆ ಮೇಜು ಹಾಕಿದ್ದಾರೆ, ನೆರಳು ನೋಡಿದರೆ ಉದ್ದುದ್ದ. ಹಿಂದಿನ ಮರದಲ್ಲಿ ಅರ್ಧ ಎಲೆ ಇಲ್ಲ, ಇದ್ದದ್ದೂ ಅಲ್ಲಲ್ಲಿ ಕಂದು, ಚುಕ್ಕಿ ಚುಕ್ಕಿ. ನಾಯಕ ಮಾತಾಡಿದರೆ ಬಾಯಿಂದ ಹಬೆ ಬರುತ್ತಿದೆ. ನಾಯಕಿಯ ಮೂಗಿನ ತುದಿ ಕೆಂಪು. ಅತ್ತೆ ನಿಲ್ಲಿಸಲು ಹೇಳಲಿಲ್ಲ. ಮುಂದಕ್ಕೆ ಬಾಗಿ, "ಇದು ನಿಜವಾದ ಚಳಿ ಕಣೇ" ಅಂದರು. ಏಳನೇ ಸಲ ಪರದೆ ಕಪ್ಪಾದಾಗ ಪಾದ ಆಡಿಸುವುದನ್ನೇ ಮರೆತರು.

ಮುಗಿದ ಮೇಲೆ ಹೇಗಿತ್ತು ಅಂತ ಕೇಳಿದೆ.

"ಎಲೆ ಚೆನ್ನಾಗಿತ್ತು. ಹುಡುಗ ಸಾಲದು. ಆ ಬೆವರ್ತಿದ್ದನಲ್ಲ, ಏಣಿಯವನು, ಅವನದ್ದು ಇನ್ನೊಂದು ಇದ್ರೆ ಹಾಕು."